ದ್ರಾಕ್ಷಿಯಿಂದ ಪಾನಪಾತ್ರೆಗೆ: ಶ್ರೀರಂಗಪಟ್ಟಣ ಸೀಮೆಯಲ್ಲಿ ಬಲಿಪೂಜೆಯ ದ್ರಾಕ್ಷಾರಸ

(ಪ್ರಭು ಯೇಸುಕ್ರಿಸ್ತರ ಪರಮಪವಿತ್ರ ಶರೀರ ಮತ್ತು ರಕ್ತದ ಮಹೋತ್ಸವದ ಸಂದರ್ಭದಲ್ಲಿ)



ಪರಮಪ್ರಸಾದದ ಮಹೋತ್ಸವ ಬಂದಿತೆಂದರೆ ನಮ್ಮ ಧರ್ಮಕೇಂದ್ರಗಳಲ್ಲಿ ಸಂಭ್ರಮ. ಬೀದಿಗೆ ನೀರು ಚಿಮುಕಿಸಿ, ರಂಗೋಲಿ ಹಾಕಿ, ಮನೆಯ ಮುಂದೆ ದೀಪವಿಟ್ಟು, ಮೆರವಣಿಗೆಯಲ್ಲಿ ಬರುವ ಪ್ರಭುವಿಗೆ ಮಕ್ಕಳು ಹೂ ಎರಚುತ್ತಾರೆ. ಈ ಹಬ್ಬದ ಹೆಸರಿನಲ್ಲಿ ಎರಡು ಮಾತುಗಳಿವೆ: ಶರೀರ ಮತ್ತು ರಕ್ತ. ರೊಟ್ಟಿಯ ಬಗ್ಗೆ ನಾವು ಪ್ರಬೋಧನೆಗಳಲ್ಲಿ ಸಾಕಷ್ಟು ಕೇಳಿದ್ದೇವೆ. ಪಾನಪಾತ್ರೆಯಲ್ಲಿರುವ ದ್ರಾಕ್ಷಾರಸದ ಬಗ್ಗೆ ಕೇಳಿದ್ದು ಕಡಿಮೆ. ಅದು ಎಲ್ಲಿಂದ ಬರುತ್ತದೆ, ಅದನ್ನು ಯಾರು ಮಾಡುತ್ತಾರೆ, ಹೇಗೆ ಮಾಡುತ್ತಾರೆ, ಅದರ ಶುದ್ಧತೆಗೆ ಯಾರು ಜವಾಬ್ದಾರರು ಎಂದು ಯೋಚಿಸಿದವರು ಇನ್ನೂ ಕಡಿಮೆ.

ಆದರೂ ಒಂದು ಪ್ರಶ್ನೆಯನ್ನು ನಮ್ಮ ಜನ ಆಗಾಗ ಕೇಳುತ್ತಾರೆ. "ಸ್ವಾಮಿ, ಕ್ರಿಸ್‌ಮಸ್‌ಗೆ ಹೇಗೂ ಮನೆಯಲ್ಲಿ ವೈನ್ ಮಾಡುತ್ತೇವೆ. ಪೂಜೆಗೆ ಬೇಕಾದದ್ದನ್ನೂ ನಾವೇ ಮಾಡಿಕೊಟ್ಟರೆ ಆಗದೇ?" ಈ ಮಾತಿನ ಹಿಂದೆ ಭಕ್ತಿಯಿದೆ, ಪ್ರೀತಿಯಿದೆ. ಅದಕ್ಕೆ ಆಗುತ್ತದೆ ಅಥವಾ ಆಗದು ಎಂದು ಒಂದೇ ಮಾತಿನಲ್ಲಿ ಉತ್ತರ ಹೇಳಿ ಕಳುಹಿಸುವುದು ಸರಿಯಲ್ಲ. ಉತ್ತರ ನಮ್ಮ ಚರಿತ್ರೆಯಲ್ಲಿದೆ. ಅದರಲ್ಲೂ ಕಾವೇರಿಯ ಎರಡು ಕವಲುಗಳ ನಡುವೆ ಇರುವ ಶ್ರೀರಂಗಪಟ್ಟಣದ ಕ್ರೈಸ್ತ ಚರಿತ್ರೆಯಲ್ಲಿದೆ. ಆ ಚರಿತ್ರೆಯನ್ನು ಪಾನಪಾತ್ರೆಯ ಕಡೆಯಿಂದ ಒಮ್ಮೆ ನೋಡೋಣ.

ಧರ್ಮಸಭೆ ಏನನ್ನು ಕೇಳುತ್ತದೆ?

ಪವಿತ್ರ ಗ್ರಂಥದಲ್ಲಿ ದ್ರಾಕ್ಷಿಗೆ ಎರಡು ಮುಖಗಳಿವೆ. ನೋಹನು ದ್ರಾಕ್ಷಿತೋಟ ಮಾಡಿದನು, ಕುಡಿದು ಮೈಮರೆತು ಮಾನ ಕಳೆದುಕೊಂಡನು. ಮೆಲ್ಕಿಸದೇಕನು ರೊಟ್ಟಿ ಮತ್ತು ದ್ರಾಕ್ಷಾರಸವನ್ನು ತಂದು ಅಬ್ರಹಾಮನನ್ನು ಆಶೀರ್ವದಿಸಿದನು. ಒಂದೇ ಹಣ್ಣು, ಒಂದೇ ರಸ. ಒಬ್ಬನಿಗೆ ಅವಮಾನ, ಇನ್ನೊಬ್ಬನಿಗೆ ಆಶೀರ್ವಾದ. ನಮ್ಮ ಪ್ರಭು ಕಾನಾ ಊರಿನ ಮದುವೆಯಲ್ಲಿ ನೀರನ್ನು ದ್ರಾಕ್ಷಾರಸವಾಗಿಸಿದರು, ತಮ್ಮನ್ನೇ ದ್ರಾಕ್ಷಿಬಳ್ಳಿಗೆ ಹೋಲಿಸಿಕೊಂಡರು, ಕೊನೆಯ ಭೋಜನದಲ್ಲಿ ಆ ಪಾನಪಾತ್ರೆಯನ್ನೇ ತಮ್ಮ ರಕ್ತದ ಒಡಂಬಡಿಕೆಯಾಗಿಸಿದರು.

ಪ್ರಭು ಮಾಡಿದ್ದನ್ನೇ ಮಾಡಬೇಕು ಎಂಬುದು ಧರ್ಮಸಭೆಯ ಮೊದಲ ಕಾಳಜಿ. ಮೂರನೆಯ ಶತಮಾನದಲ್ಲಿ ಆಫ್ರಿಕಾದ ಕೆಲವು ಕಡೆ ಬರೀ ನೀರನ್ನಿಟ್ಟು ಪೂಜೆ ಮಾಡುವ ರೂಢಿ ಇದ್ದಾಗ ಕಾರ್ಥೇಜಿನ ಧರ್ಮಾಧ್ಯಕ್ಷರಾದ ಸಂತ ಸಿಪ್ರಿಯಾನರು ಅದನ್ನು ಕಟುವಾಗಿ ಖಂಡಿಸಿ ದೀರ್ಘ ಪತ್ರ ಬರೆದರು. 1562ರಲ್ಲಿ ಟ್ರೆಂಟ್ ಮಹಾಸಭೆ ದ್ರಾಕ್ಷಾರಸಕ್ಕೆ ಸ್ವಲ್ಪ ನೀರು ಬೆರೆಸುವ ಪುರಾತನ ಪದ್ಧತಿಯನ್ನು ಎತ್ತಿಹಿಡಿಯಿತು. 1570ರ ಪೂಜಾಗ್ರಂಥವು ಗುರುಗಳಿಗೆ ಇನ್ನೂ ಸ್ಪಷ್ಟವಾಗಿ ಎಚ್ಚರಿಕೆ ಕೊಟ್ಟಿತು: ರಸ ಹುಳಿತು ವಿನೆಗರ್ ಆಗಿದ್ದರೆ, ಪೂರಾ ಕೆಟ್ಟಿದ್ದರೆ, ಮಾಗದ ಹುಳಿ ದ್ರಾಕ್ಷಿಯಿಂದ ಹಿಂಡಿದ್ದರೆ, ದ್ರಾಕ್ಷಾರಸ ಎನ್ನಲಾಗದಷ್ಟು ನೀರು ಬೆರೆತಿದ್ದರೆ ಅಲ್ಲಿ ಸಂಸ್ಕಾರವೇ ನಡೆಯುವುದಿಲ್ಲ. 1983ರ ಧರ್ಮಸಭೆಯ ಕಾನೂನು ಸಂಹಿತೆ ತನ್ನ 924ನೆಯ ವಿಧಿಯಲ್ಲಿ ಇದನ್ನೇ ಚಿಕ್ಕದಾಗಿ ಹೇಳುತ್ತದೆ. ರಸವು ದ್ರಾಕ್ಷಿಬಳ್ಳಿಯ ಫಲದಿಂದ ಬಂದದ್ದಾಗಿರಬೇಕು, ಸಹಜವಾಗಿರಬೇಕು, ಕೆಟ್ಟಿರಬಾರದು.

ಮೂರೇ ಷರತ್ತುಗಳು. ಕೇಳಲು ಸುಲಭ. ಆದರೆ ದ್ರಾಕ್ಷಿಯೇ ಇಲ್ಲದ ನಾಡಿಗೆ ಶುಭಸಂದೇಶ ಬಂದಾಗ ಇವು ಎಷ್ಟು ಕಷ್ಟವಾದವು ಎಂಬುದನ್ನು ನಮ್ಮ ನಾಡಿನ ಚರಿತ್ರೆ ತಿಳಿಸುತ್ತದೆ.

ಸನ್ಯಾಸಿಯ ಕೈಯಲ್ಲಿ ಪಾನಪಾತ್ರೆ

ಶ್ರೀರಂಗಪಟ್ಟಣ ಮೈಸೂರು ಒಡೆಯರ ರಾಜಧಾನಿಯಾಗಿದ್ದ ಕಾಲ. ಕಂಠೀರವ ನರಸರಾಜ ಒಡೆಯರ ಆಳ್ವಿಕೆಯಲ್ಲಿ, 1649ರಲ್ಲಿ, ಇಟಲಿಯ ಯೇಸುಸಭೆಯ ಗುರು ಲಿಯೊನಾರ್ಡೊ ಚಿನ್ನಮಿಯವರು ಇಲ್ಲಿಗೆ ಬಂದು ಮೈಸೂರು ಮಿಷನ್ನಿಗೆ ಅಡಿಪಾಯ ಹಾಕಿದರು. ಅವರು ಕನ್ನಡ ಕಲಿತರು, ಕನ್ನಡದಲ್ಲಿ ಧರ್ಮೋಪದೇಶದ ಬರಹಗಳನ್ನು ಸಿದ್ಧಪಡಿಸಿದರು, ಇಲ್ಲಿನ ಸನ್ಯಾಸಿಗಳ ಉಡುಗೆ ಮತ್ತು ನಡೆಯನ್ನು ತಮ್ಮದಾಗಿಸಿಕೊಂಡರು. ಮಧುರೆಯಲ್ಲಿ ರೋಬರ್ಟ್ ದೆ ನೊಬಿಲಿಯವರು ತುಳಿದ ದಾರಿ ಅದು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಸನ್ಯಾಸಿ ಎಂದರೆ ಮಾಂಸ ಮುಟ್ಟದವನು, ಮದ್ಯ ಮುಟ್ಟದವನು ಎಂದೇ ಜನರ ಭಾವನೆ. ಕುಡಿಯುವವನನ್ನು ಯಾವ ಊರೂ ಗುರುವೆಂದು ಕರೆಯುತ್ತಿರಲಿಲ್ಲ. ಅಂಥ ನಾಡಿನಲ್ಲಿ ಅದೇ ಗುರುಗಳು ಬೆಳಗಿನ ಪೂಜೆಯಲ್ಲಿ ದ್ರಾಕ್ಷಾರಸದ ಪಾನಪಾತ್ರೆಯನ್ನು ಎತ್ತಬೇಕಿತ್ತು. ಮನೆಯಲ್ಲಿ, ಊಟದಲ್ಲಿ, ನೆಂಟರ ನಡುವೆ ಅವರಿಗೆ ಮದ್ಯವಿರಲಿಲ್ಲ. ಬಲಿಪೀಠದಲ್ಲಿ ಮಾತ್ರ ಒಂದು ಗುಟುಕು. ಆ ಒಂದು ಗುಟುಕು ಕುಡಿತವಲ್ಲ, ಬಲಿ ಎಂಬುದನ್ನು ಅವರು ತಮ್ಮ ಬಾಳಿನ ಶಿಸ್ತಿನಿಂದಲೇ ತೋರಿಸಬೇಕಾಯಿತು. ಈ ಮಾತನ್ನು ನಾವು ಲೇಖನದ ಕೊನೆಯಲ್ಲಿ ಮತ್ತೆ ನೆನೆಯಬೇಕಾಗುತ್ತದೆ.

ಆ ಗುಟುಕು ಬರುತ್ತಿದ್ದುದಾದರೂ ಎಲ್ಲಿಂದ? ಪೋರ್ಚುಗಲ್ ಅರಸರ ಆಶ್ರಯದಲ್ಲಿದ್ದ ಮಿಷನ್ನುಗಳಿಗೆ ಪೂಜೆಯ ದ್ರಾಕ್ಷಾರಸ, ಎಣ್ಣೆ ಮತ್ತು ಹಿಟ್ಟನ್ನು ಒದಗಿಸುವುದು ಅರಸರ ಧರ್ಮಕಾರ್ಯಗಳಲ್ಲಿ ಒಂದಾಗಿತ್ತು. ಯುರೋಪಿನಲ್ಲಿ ಪೀಪಾಯಿಗೆ ತುಂಬಿದ ರಸ ತಿಂಗಳುಗಟ್ಟಲೆ ಹಡಗಿನಲ್ಲಿ ಬಂದು ಪಶ್ಚಿಮ ಕರಾವಳಿಯಲ್ಲಿ ಇಳಿಯಬೇಕು, ಅಲ್ಲಿಂದ ಘಟ್ಟ ಹತ್ತಬೇಕು. ದಾರಿಯ ಬಿಸಿಲಿಗೆ ಹುಳಿತರೆ ಆ ದೀರ್ಘ ಪ್ರಯಾಣವೆಲ್ಲ ವ್ಯರ್ಥ. ಹಡಗು ತಡವಾದರೆ ಪೂಜೆಯೂ ತಡ.

ಒಣದ್ರಾಕ್ಷಿಯ ದಾರಿ

ನೆರೆಯ ಮಲಬಾರಿನ ಸಂತ ತೋಮಾಸರ ಕ್ರೈಸ್ತರು ಇದಕ್ಕೆ ಬಹಳ ಹಿಂದೆಯೇ ಒಂದು ಉಪಾಯ ಕಂಡುಕೊಂಡಿದ್ದರು. ಅರಬ್ ವ್ಯಾಪಾರದಿಂದ ಬರುತ್ತಿದ್ದ ಒಣದ್ರಾಕ್ಷಿಯನ್ನು ನೀರಿನಲ್ಲಿ ನೆನೆಸಿ, ಅದು ಉಬ್ಬಿದ ಮೇಲೆ ಹಿಂಡಿ ರಸ ತೆಗೆಯುವುದು. 1599ರ ಉದಯಂಪೇರೂರ್ ಸಭೆಯು ಪೋರ್ಚುಗಲ್ಲಿನ ದ್ರಾಕ್ಷಾರಸವನ್ನೇ ಬಳಸಬೇಕೆಂದು ವಿಧಿಸಿ, ಅದನ್ನು ಧರ್ಮಾರ್ಥವಾಗಿ ಕಳುಹಿಸಿಕೊಡುವಂತೆ ಅರಸನನ್ನು ಬೇಡಿಕೊಂಡಿತು. ಆ ಸಭೆಯ ಬಗ್ಗೆ ಕೇರಳದ ಸಹೋದರರಿಗೆ ಇರುವ ನೋವು ಬೇರೆಯೇ ವಿಷಯ. ನಾವು ಗಮನಿಸಬೇಕಾದದ್ದು ಇಷ್ಟು: ಹಿಂದೂ ಮಹಾಸಾಗರದ ದಡದಲ್ಲಿದ್ದ ಒಂದು ಪುರಾತನ ಸಭೆಗೂ ದ್ರಾಕ್ಷಾರಸ ಎಂಬುದು ಕೈಗೆ ಸುಲಭವಾಗಿ ಎಟುಕುವ ವಸ್ತುವಾಗಿರಲಿಲ್ಲ.

ಒಣದ್ರಾಕ್ಷಿಯಿಂದ ಮಾಡಿದ್ದು ನಿಜವಾದ ದ್ರಾಕ್ಷಾರಸವೇ? ಈ ಪ್ರಶ್ನೆ ರೋಮಿಗೂ ಹೋಯಿತು. ಅದರ ಬಣ್ಣ ಮತ್ತು ರುಚಿಯಿಂದ ಅದು ನಿಜವಾದ ದ್ರಾಕ್ಷಾರಸ ಎಂದು ಗುರುತಿಸುವಂತಿದ್ದರೆ ಬಳಸಬಹುದು ಎಂದು ಧರ್ಮಸಭೆ ಒಪ್ಪಿತು. ದೂರದ ನಾಡುಗಳ ಕಷ್ಟವನ್ನು ಅದು ಅರ್ಥಮಾಡಿಕೊಂಡಿತು, ಆದರೆ ದ್ರಾಕ್ಷಿಯನ್ನು ಬಿಡಲಿಲ್ಲ. ತೆಂಗಿನ ಕಳ್ಳು, ಈಚಲ ಹೆಂಡ, ಕಬ್ಬಿನ ರಸ ಇವು ನಮ್ಮ ನಾಡಿನಲ್ಲಿ ಧಾರಾಳವಾಗಿದ್ದರೂ ಬಲಿಪೀಠಕ್ಕೆ ಏರಲಿಲ್ಲ.

ಪಾನಪಾತ್ರೆಯಿಲ್ಲದ ವರ್ಷಗಳು

ಈಗ ನಮ್ಮ ಚರಿತ್ರೆಯ ಅತ್ಯಂತ ನೋವಿನ ಪುಟ. 1784ರಲ್ಲಿ, ತಪಸ್ಸುಕಾಲದ ಆರಂಭದ ದಿನಗಳಲ್ಲಿ, ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾ ಕರಾವಳಿಯ ಕಥೋಲಿಕ ಕ್ರೈಸ್ತರನ್ನು ಸೆರೆಹಿಡಿದು ಘಟ್ಟದ ಮೇಲೆ ಶ್ರೀರಂಗಪಟ್ಟಣಕ್ಕೆ ನಡೆಸಲಾಯಿತು. ಎಷ್ಟು ಜನ ಎಂಬುದರ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಹತ್ತಾರು ಸಾವಿರ ಎಂಬುದರಲ್ಲಿ ಹೆಚ್ಚಿನವರಿಗೆ ಸಂಶಯವಿಲ್ಲ. ದಾರಿಯಲ್ಲಿ ಅನೇಕರು ಸತ್ತರು. ಕರಾವಳಿಯ ಗುರುಗಳನ್ನು ಹೊರಗಟ್ಟಲಾಯಿತು, ಚರ್ಚುಗಳನ್ನು ಕೆಡವಲಾಯಿತು. 1799ರ ಮೇ 4ರಂದು ಕೋಟೆ ಬೀಳುವವರೆಗೆ ಹದಿನೈದು ವರ್ಷ ಆ ಸೆರೆ ಮುಂದುವರಿಯಿತು.

ಹಳೆಯ ವೈರವನ್ನು ಕೆದಕಲು ನಾವು ಇದನ್ನು ನೆನೆಯುತ್ತಿಲ್ಲ. ಅದೇ ಅರಸನಿಂದ ಶೃಂಗೇರಿ ಮಠ ನೆರವು ಪಡೆದದ್ದೂ ಚರಿತ್ರೆಯೇ. ಇಂದು ಶ್ರೀರಂಗಪಟ್ಟಣದಲ್ಲಿ ಎಲ್ಲ ಧರ್ಮದವರ ಜೊತೆ ನೆರೆಹೊರೆಯವರಾಗಿ ಬಾಳುತ್ತಿರುವ ನಮಗೆ ದ್ವೇಷದ ಅಗತ್ಯವಿಲ್ಲ. ಆದರೆ ನಮ್ಮವರು ಏನನ್ನು ಕಳೆದುಕೊಂಡಿದ್ದರು ಎಂಬುದನ್ನು ಮರೆಯಬಾರದು. ಮನೆ ಹೋಯಿತು, ಹೊಲ ಹೋಯಿತು, ಹೆಸರೂ ಹೋಯಿತು. ಅದಕ್ಕಿಂತ ಹೆಚ್ಚಾಗಿ ಬಲಿಪೂಜೆ ಹೋಯಿತು. ಜಪವನ್ನು ಗುಟ್ಟಾಗಿ ಹೇಳಿಕೊಳ್ಳಬಹುದು. ಶಿಲುಬೆಯ ಗುರುತನ್ನು ಕತ್ತಲಲ್ಲಿ ಹಾಕಿಕೊಳ್ಳಬಹುದು. ಮಗುವಿಗೆ ತಾಯಿಯೇ ದೀಕ್ಷಾಸ್ನಾನ ಕೊಡಬಹುದು. ನೀರು ಎಲ್ಲೆಡೆ ಇದೆ, ಕಾವೇರಿಯೇ ಪಕ್ಕದಲ್ಲಿ ಹರಿಯುತ್ತಿದೆ. ಬಲಿಪೂಜೆಗೆ ಮಾತ್ರ ಗುರು ಬೇಕು, ಗೋಧಿಯ ರೊಟ್ಟಿ ಬೇಕು, ದ್ರಾಕ್ಷಾರಸ ಬೇಕು. ಸೆರೆಯಲ್ಲಿ ಹುಟ್ಟಿದ ಮಗು ಹದಿನೈದನೆಯ ವಯಸ್ಸಿಗೆ ಬಂದರೂ ಪಾನಪಾತ್ರೆಯನ್ನು ಎತ್ತುವುದನ್ನು ಕಂಡಿರಲಾರದು.

ಈ ನೆನಪಿನ ಎದುರಿನಲ್ಲಿ ಇಟ್ಟು ನೋಡಿದರೆ, ನಮ್ಮ ಸಕ್ರಿಸ್ತಿಯ ಕಪಾಟಿನಲ್ಲಿರುವ ಒಂದು ಬಾಟಲಿ ಸಣ್ಣ ವಸ್ತುವೇ?

ದೊಡ್ಡ ಸ್ವಾಮಿಯವರು

ಕೋಟೆ ಬಿದ್ದ ಮೇಲೆ ಚೆದುರಿದ ಮಂದೆಯನ್ನು ಕೂಡಿಸಲು ಬಂದವರು ಪ್ಯಾರಿಸ್ ವಿದೇಶ ಮಿಷನ್ ಸಭೆಯ ಗುರು ಝಾನ್ ಆಂತ್ವಾನ್ ದುಬಾ. 1765ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿ, 1792ರಲ್ಲಿ ಗುರುಪಟ್ಟ ಪಡೆದು, ಅದೇ ವರ್ಷ ಭಾರತಕ್ಕೆ ಹೊರಟವರು. ನಮ್ಮ ಜನ ಅವರನ್ನು ದೊಡ್ಡ ಸ್ವಾಮಿಯವರು ಎಂದು ಕರೆದರು. ಶ್ರೀರಂಗಪಟ್ಟಣದ ಗಂಜಾಂನಲ್ಲಿ ಇಂದಿಗೂ ಅವರ ಹೆಸರಿನಿಂದಲೇ ಗುರುತಿಸಲ್ಪಡುವ ದೇವಾಲಯವಿದೆ. ಸಿಡುಬಿನ ಹಾವಳಿಯಲ್ಲಿ, 1803 ಮತ್ತು 1804ರಲ್ಲಿ, 25,000ಕ್ಕೂ ಹೆಚ್ಚು ಜನರಿಗೆ ದೇವಿ ಹಾಕಿಸುವಲ್ಲಿ ಅವರು ಮುಂದೆ ನಿಂತರು. ನೆಲೆ ಕಳೆದುಕೊಂಡ ಕ್ರೈಸ್ತರಿಗೆ ಬೇಸಾಯದ ಊರುಗಳನ್ನು ಕಟ್ಟಿಕೊಟ್ಟರು. 1823ರಲ್ಲಿ ಭಾರತ ಬಿಟ್ಟು, 1848ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡರು.

ಅವರೂ ಚಿನ್ನಮಿಯವರಂತೆ ಇಲ್ಲಿನವರ ಉಡುಗೆ ತೊಟ್ಟು, ಇಲ್ಲಿನವರ ಊಟ ಮಾಡಿ ಬಾಳಿದರು. ಭಾರತೀಯರ ಆಚಾರ ವಿಚಾರಗಳನ್ನು ಕುರಿತು ಅವರು ಬರೆದ ಗ್ರಂಥ ಹೆಸರುವಾಸಿ. ಅದರ ಇಂಗ್ಲಿಷ್ ಅನುವಾದ 1816ರಲ್ಲಿ ಅಚ್ಚಾಯಿತು. ಮದ್ಯವನ್ನು ಇಲ್ಲಿನ ಮೇಲ್ವರ್ಗದವರು ಎಷ್ಟು ಹೇಸುತ್ತಾರೆ, ಯುರೋಪಿನವರ ಕುಡಿತ ಅವರ ಕಣ್ಣಿಗೆ ಎಷ್ಟು ಕೀಳಾಗಿ ಕಾಣುತ್ತದೆ ಎಂಬುದನ್ನು ಅವರು ಚೆನ್ನಾಗಿ ಬಲ್ಲವರಾಗಿದ್ದರು. ಆದರೂ ಹದಿನೈದು ವರ್ಷ ಬಲಿಪೂಜೆಯಿಲ್ಲದೆ ಬಾಡಿದ ಜನರ ಮುಂದೆ ಅವರು ಮತ್ತೆ ಪಾನಪಾತ್ರೆಯನ್ನು ಎತ್ತಿದರು. ಚೆದುರಿದ ಸಭೆ ಆ ಬಲಿಪೀಠದ ಸುತ್ತ ಮತ್ತೆ ಕೂಡಿತು.

ಅವರು ಇಲ್ಲಿಗೆ ಬಂದ ಆ ದಿನಗಳಲ್ಲೇ, 1800ರಲ್ಲಿ, ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಬೆಂಗಳೂರಿನ ಅರಸರ ತೋಟಗಳಲ್ಲಿ ದ್ರಾಕ್ಷಿಬಳ್ಳಿ ಹುಲುಸಾಗಿ ಬೆಳೆಯುವುದನ್ನು ಕಂಡು ಬರೆದಿದ್ದಾನೆ. ಹೊರನಾಡಿನಿಂದಲೇ ಬರಬೇಕು ಎಂದಿದ್ದ ದ್ರಾಕ್ಷಿ ನಮ್ಮ ನೆಲದಲ್ಲೂ ಬೇರು ಬಿಡಬಲ್ಲದು ಎಂಬುದಕ್ಕೆ ಅದು ಸಾಕ್ಷಿ. ಮುಂದೆ ಬೆಂಗಳೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಬೆಂಗಳೂರು ಬ್ಲೂ ಎಂಬ ಕಪ್ಪು ದ್ರಾಕ್ಷಿ ರೈತರ ಬೆಳೆಯಾಯಿತು. 2013ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು.

ಕಬ್ಬಿನ ನಾಡಿನಲ್ಲಿ ದ್ರಾಕ್ಷಿ

ನಮ್ಮ ಸೀಮೆಯಲ್ಲಿ ಮಾತ್ರ ಬೆಳೆದದ್ದು ಕಬ್ಬು. ಹಳೆಯ ಕ್ರೈಸ್ತ ನೆಲೆಯಾದ ಪಾಲಹಳ್ಳಿಯಲ್ಲೇ 1847ರಲ್ಲಿ, ರೈತರು ಮಾಡಿದ ಬೆಲ್ಲವನ್ನು ಸಕ್ಕರೆಯಾಗಿ ಶುದ್ಧಿಮಾಡುವ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆ ಆರಂಭವಾಯಿತು. ಕನ್ನಂಬಾಡಿ ಕಟ್ಟೆಯ ನೀರು ನಾಲೆಗಳಲ್ಲಿ ಹರಿದ ಮೇಲೆ 1933ರಲ್ಲಿ ಮಂಡ್ಯದ ಮೈಷುಗರ್ ಬಂದಿತು, ಆಮೇಲೆ ಪಾಂಡವಪುರದ ಸಹಕಾರಿ ಕಾರ್ಖಾನೆ ಬಂದಿತು. ಆಲೆಮನೆಯ ಬೆಲ್ಲದ ವಾಸನೆ ಇಲ್ಲದ ಹಳ್ಳಿ ನಮ್ಮಲ್ಲಿ ವಿರಳ.

ಇದನ್ನು ಇಲ್ಲಿ ಹೇಳಲು ಕಾರಣವಿದೆ. ಮನೆಯಲ್ಲಿ ಕ್ರಿಸ್‌ಮಸ್ ವೈನ್ ಮಾಡುವಾಗ ನಮ್ಮ ತಾಯಂದಿರ ಕೈ ಮೊದಲು ಹೋಗುವುದು ಸಕ್ಕರೆಯ ಡಬ್ಬಕ್ಕೆ. ಎರಡು ಕಿಲೋ ದ್ರಾಕ್ಷಿಗೆ ಹೆಚ್ಚುಕಡಿಮೆ ಅಷ್ಟೇ ಸಕ್ಕರೆ, ಒಂದು ಹಿಡಿ ಗೋಧಿ, ಲವಂಗ, ಚಕ್ಕೆ, ಸ್ವಲ್ಪ ಯೀಸ್ಟ್, ಮೇಲೆ ಕುದಿಸಿ ಆರಿಸಿದ ನೀರು. ಹಬ್ಬದ ದಿನ ಕೇಕಿನ ಜೊತೆ ಚಿಕ್ಕ ಲೋಟದಲ್ಲಿ ಕೊಡುವ ಆ ಪಾನೀಯಕ್ಕೆ ಅದರದೇ ಆದ ಸವಿ ಇದೆ. ಆದರೆ ಅದರಲ್ಲಿರುವ ಮದ್ಯದ ಬಹುಪಾಲು ಹುಟ್ಟಿದ್ದು ಕಬ್ಬಿನ ಸಕ್ಕರೆಯಿಂದ, ದ್ರಾಕ್ಷಿಯಿಂದಲ್ಲ. ಅದು ದ್ರಾಕ್ಷಿಬಳ್ಳಿಯ ಸಹಜ ಫಲವಾಗಿ ಉಳಿದಿಲ್ಲ. ಆದ್ದರಿಂದ ಅದನ್ನು ಬಲಿಪೀಠದ ಮೇಲೆ ಇಡಲಾಗದು. ಪ್ರೀತಿಯಿಂದ ತಂದುಕೊಟ್ಟರೂ ಇಡಲಾಗದು.

ಹಾಗಾದರೆ ದುರ್ಬಲವಾದ ರಸ ಕೆಡದಂತೆ ಏನು ಮಾಡಬೇಕು? ಈ ಪ್ರಶ್ನೆಗೂ ರೋಮ್ 1896ರಲ್ಲಿ ಉತ್ತರ ಕೊಟ್ಟಿದೆ. ದ್ರಾಕ್ಷಿಯಿಂದಲೇ ತೆಗೆದ ಮದ್ಯಸಾರವನ್ನು, ರಸ ಹುದುಗುತ್ತಿರುವಾಗಲೇ, ಒಟ್ಟು ಪ್ರಮಾಣ ನೂರಕ್ಕೆ 18 ಭಾಗವನ್ನು ಮೀರದಂತೆ ಸ್ವಲ್ಪ ಸೇರಿಸಬಹುದು. ಇಲ್ಲಿಯೂ ಅದೇ ಮಾತು: ಸೇರಿಸುವುದಾದರೆ ದ್ರಾಕ್ಷಿಯದನ್ನೇ ಸೇರಿಸು.

ಹಣ್ಣಿನಿಂದ ಬಾಟಲಿಯವರೆಗೆ

ಸಕ್ಕರೆ ಹಾಕದೆ ಬರೀ ದ್ರಾಕ್ಷಿಯಿಂದ ರಸ ಮಾಡುವುದು ಹೇಗೆ? ಇದನ್ನು ತಿಳಿದರೆ ಈ ಕೆಲಸಕ್ಕೆ ಬಲ್ಲವರ ಮಾರ್ಗದರ್ಶನ ಏಕೆ ಬೇಕೆಂಬುದು ತಾನಾಗಿ ತಿಳಿಯುತ್ತದೆ.

ಮೊದಲನೆಯದು ಹಣ್ಣು. ಅದು ಪೂರ್ತಿ ಮಾಗಿರಬೇಕು. ಹಣ್ಣಿನ ಸಿಹಿಯೇ ಮುಂದೆ ಮದ್ಯಸಾರವಾಗುವುದು. ಒಂದು ಲೀಟರ್ ರಸದಲ್ಲಿ ಸುಮಾರು 17 ಗ್ರಾಂ ಸಕ್ಕರೆ ಹುದುಗಿದರೆ ನೂರಕ್ಕೆ ಒಂದು ಭಾಗ ಮದ್ಯಸಾರ ಹುಟ್ಟುತ್ತದೆ. ಹನ್ನೆರಡು ಭಾಗ ಬೇಕಾದರೆ ಲೀಟರಿಗೆ 200 ಗ್ರಾಮಿನಷ್ಟು ಹಣ್ಣಿನದೇ ಸಕ್ಕರೆ ಇರಬೇಕು. ನಮ್ಮ ಬೆಂಗಳೂರು ಬ್ಲೂ ಸಾಮಾನ್ಯವಾಗಿ ಅಷ್ಟು ಸಿಹಿಯಾಗುವುದಿಲ್ಲ. ಅದಕ್ಕೇ ಮನೆಯವರ ಕೈ ಸಕ್ಕರೆಗೆ ಹೋಗುವುದು; ಅದಕ್ಕೇ ಬಲ್ಲವರು ಹಣ್ಣನ್ನು ಬಳ್ಳಿಯಲ್ಲೇ ಇನ್ನಷ್ಟು ದಿನ ಬಿಡುವುದು, ಇಲ್ಲವೇ ಕಿತ್ತ ಮೇಲೆ ಸ್ವಲ್ಪ ಬಾಡಿಸುವುದು. ಮಲಬಾರಿನ ಹಿರಿಯರ ಒಣದ್ರಾಕ್ಷಿಯ ಜಾಣ್ಮೆ ಇಲ್ಲಿ ಮತ್ತೆ ಕಾಣುತ್ತದೆ. ಸಿಹಿಯನ್ನು ನಾಲಿಗೆಯಿಂದ ಅಳೆಯಲಾಗದು. ಹೈಡ್ರೋಮೀಟರ್ ಬೇಕು, ಅದನ್ನು ಓದಬಲ್ಲವರು ಬೇಕು.

ಎರಡನೆಯದು ಹಿಂಡುವುದು. ಕೊಳೆತ ಹಣ್ಣನ್ನೂ ತೊಟ್ಟನ್ನೂ ಆರಿಸಿ ತೆಗೆದು, ಬೀಜ ಒಡೆಯದಂತೆ ಹಣ್ಣನ್ನು ಕಿವುಚಬೇಕು. ಬೀಜ ಒಡೆದರೆ ಕಹಿ. ತಾಮ್ರ, ಹಿತ್ತಾಳೆ, ಅಲ್ಯುಮಿನಿಯಂ ಪಾತ್ರೆಗಳು ಹುಳಿಗೆ ಕರಗುತ್ತವೆ. ಗಾಜು, ಪಿಂಗಾಣಿ ಭರಣಿ, ಒಳ್ಳೆಯ ಸ್ಟೀಲು ಆಗಬಹುದು. ಪಾತ್ರೆಯನ್ನು ಕುದಿನೀರಿನಲ್ಲಿ ತೊಳೆದಿರಬೇಕು, ಮುಕ್ಕಾಲು ಭಾಗ ಮಾತ್ರ ತುಂಬಬೇಕು.

ಮೂರನೆಯದು ಹುದುಗುವುದು. ಒಂದೆರಡು ದಿನಗಳಲ್ಲಿ ರಸ ತಾನಾಗಿ ಕುದಿಯುವಂತೆ ನೊರೆ ಏಳುತ್ತದೆ. ಸಿಪ್ಪೆ ಮೇಲೆ ತೇಲಿ ಗಟ್ಟಿಯಾಗಿ ನಿಲ್ಲುತ್ತದೆ. ಅದನ್ನು ದಿನಕ್ಕೆ ಎರಡು ಮೂರು ಸಲ ಒಳಗೆ ಅದುಮದಿದ್ದರೆ ಬೂಷ್ಟು ಹಿಡಿಯುತ್ತದೆ. ಈ ಹಂತದಲ್ಲಿ ಮುಚ್ಚಳವನ್ನು ಬಿಗಿದರೆ ಒಳಗಿನ ಅನಿಲಕ್ಕೆ ಪಾತ್ರೆಯೇ ಸಿಡಿಯಬಹುದು. ಬಟ್ಟೆ ಕಟ್ಟಿದರೆ ಸಾಕು. ನಮ್ಮ ಬೇಸಿಗೆಯ ಸೆಕೆಯಲ್ಲಿ ರಸ ಬಹುಬೇಗ ಕಾಯ್ದು ಕೆಡುವುದರಿಂದ ತಂಪಾದ ಕೋಣೆ ಬೇಕು. ಐದಾರು ದಿನಗಳ ಮೇಲೆ ಸಿಪ್ಪೆಯನ್ನು ಹಿಂಡಿ ಬೇರ್ಪಡಿಸಿ, ರಸವನ್ನು ಕತ್ತು ಕಿರಿದಾದ ಜಾಡಿಗೆ ತುಂಬಬೇಕು. ಒಳಗಿನ ಅನಿಲ ಹೊರಗೆ ಹೋಗಬೇಕು, ಹೊರಗಿನ ಗಾಳಿ ಒಳಗೆ ಬರಬಾರದು. ಇಲ್ಲಿ ಗಾಳಿ ಸೋಕಿದರೆ ಕೆಲವೇ ವಾರಗಳಲ್ಲಿ ದ್ರಾಕ್ಷಾರಸ ವಿನೆಗರ್ ಆಗುತ್ತದೆ. 1570ರ ಪೂಜಾಗ್ರಂಥ ಎಚ್ಚರಿಸಿದ್ದು ಇದನ್ನೇ.

ನಾಲ್ಕನೆಯದು ತಾಳ್ಮೆ. ಗಸಿ ತಳಕ್ಕೆ ಇಳಿದಂತೆ ತಿಳಿಯನ್ನು ಕೊಳವೆಯಿಂದ ಬೇರೆ ಜಾಡಿಗೆ ಇಳಿಸಬೇಕು. ಕೆಲವು ತಿಂಗಳಲ್ಲಿ ಎರಡು ಮೂರು ಸಲ ಹೀಗೆ ಮಾಡಿದ ಮೇಲೆ ರಸ ತಿಳಿಯಾಗಿ ನಿಲ್ಲುತ್ತದೆ. ಹುದುಗುವುದು ಪೂರ್ತಿ ನಿಂತಿದೆ ಎಂದು ಅಳೆದು ನೋಡಿದ ನಂತರವೇ ಬಾಟಲಿಗೆ ತುಂಬಬೇಕು. ಬಾಟಲಿಯನ್ನು ಕತ್ತಿನವರೆಗೆ ತುಂಬಿ, ಬಿರಡೆ ಹಾಕಿ, ಬೆಳಕು ಬೀಳದ ತಂಪಿನಲ್ಲಿ ಮಲಗಿಸಿಡಬೇಕು.

ಯಾವ ಹಂತದಲ್ಲೂ ಮುಚ್ಚುಮರೆಗೆ ಅವಕಾಶವಿಲ್ಲ. ಕೊಳಕು ಪಾತ್ರೆ, ಅವಸರ, ಅಳತೆಯಿಲ್ಲದ ಕೈ ಇವು ಬಾಟಲಿಯಲ್ಲಿ ತೋರಿಯೇ ತೋರುತ್ತವೆ. ಧರ್ಮಸಭೆಯಲ್ಲಿ ಮಠವಾಸಿಗಳು ಈ ವಿದ್ಯೆಯನ್ನು ಶತಮಾನಗಳ ಕಾಲ ಗುರುವಿನಿಂದ ಶಿಷ್ಯನಿಗೆ ಕಲಿಸುತ್ತಾ ಬಂದರು. ಬರ್ಗಂಡಿಯ ಸಿಸ್ಟರ್ಸಿಯನ್ ಸನ್ಯಾಸಿಗಳ ದ್ರಾಕ್ಷಿತೋಟಗಳು ಲೋಕಪ್ರಸಿದ್ಧ. ದಕ್ಷಿಣ ಆಸ್ಟ್ರೇಲಿಯಾದ ಸೆವೆನ್‌ಹಿಲ್‌ನಲ್ಲಿ ಆಸ್ಟ್ರಿಯಾದಿಂದ ಬಂದ ಯೇಸುಸಭೆಯವರು 1851ರಲ್ಲಿ ತೋಟ ಹಾಕಿದ್ದು ಬಲಿಪೂಜೆಯ ದ್ರಾಕ್ಷಾರಸಕ್ಕಾಗಿಯೇ. ನಮ್ಮಲ್ಲೂ ಕಲಿಯಲು ಮನಸ್ಸಿರುವವರಿಗೆ ದಾರಿಗಳಿವೆ. ಮೈಸೂರಿನಲ್ಲಿ 1950ರಿಂದ ಇರುವ ಸಿ.ಎಫ್.ಟಿ.ಆರ್.ಐ. ಆಹಾರ ಸಂಸ್ಕರಣೆಯ ತರಬೇತಿ ಕೊಡುತ್ತದೆ. ರಾಜ್ಯ ಸರ್ಕಾರ 2007ರಲ್ಲಿ ದ್ರಾಕ್ಷಿ ಸಂಸ್ಕರಣೆಗೆ ಪ್ರತ್ಯೇಕ ನೀತಿಯನ್ನೇ ತಂದಿತು.

ಎರಡು ಅನುಮತಿಗಳು

ಆದರೆ ವಿದ್ಯೆ ಕಲಿತರೆ ಸಾಲದು. ಬಲಿಪೂಜೆಯ ದ್ರಾಕ್ಷಾರಸಕ್ಕೆ ಎರಡು ಅನುಮತಿಗಳು ಬೇಕು. ಒಂದು ಸರ್ಕಾರದ್ದು. ನಮ್ಮ ರಾಜ್ಯದಲ್ಲಿ 1965ರ ಅಬಕಾರಿ ಕಾಯಿದೆ ಇದೆ. ಮದ್ಯ ತಯಾರಿಸಿ ಮಾರಲು ಪರವಾನಗಿ ಬೇಕು. ಕೇರಳದಲ್ಲಿ ಪೂಜೆಯ ದ್ರಾಕ್ಷಾರಸಕ್ಕೆಂದೇ 1970ರ ನಿಯಮಗಳಿವೆ. ಅಮೆರಿಕೆಯಲ್ಲಿ 1920ರಿಂದ 1933ರವರೆಗೆ ಪೂರ್ಣ ಪಾನನಿಷೇಧ ಇದ್ದಾಗಲೂ ಬಲಿಪೂಜೆಯ ರಸಕ್ಕೆ ವಿನಾಯಿತಿ ಇತ್ತು. ಸರ್ಕಾರಗಳು ಇಟ್ಟ ಈ ವಿಶ್ವಾಸವನ್ನು ನಾವು ಉಳಿಸಿಕೊಳ್ಳಬೇಕು. ಪೂಜೆಯ ಹೆಸರಿನಲ್ಲಿ ತಯಾರಾದ ಒಂದು ಬಾಟಲಿ ಬೇರೆ ಕಡೆ ಹೋದರೂ ಅದು ಇಡೀ ಧರ್ಮಸಭೆಗೆ ಕಳಂಕ.

ಇನ್ನೊಂದು ಧರ್ಮಾಧ್ಯಕ್ಷರದ್ದು. ವಿಶ್ವಗುರು ಫ್ರಾನ್ಸಿಸ್‌ರವರ ಕೋರಿಕೆಯಂತೆ 2017ರ ಜೂನ್ 15ರಂದು ದೈವಾರಾಧನೆಯ ಪವಿತ್ರ ಮಂಡಳಿಯು ಜಗತ್ತಿನ ಎಲ್ಲ ಧರ್ಮಾಧ್ಯಕ್ಷರಿಗೆ ಪತ್ರ ಬರೆಯಿತು. ಹಿಂದೆ ಕನ್ಯಾಮಠಗಳು ಮಾಡಿಕೊಡುತ್ತಿದ್ದ ರೊಟ್ಟಿ ಮತ್ತು ದ್ರಾಕ್ಷಾರಸ ಈಗ ಅಂಗಡಿಗಳಲ್ಲಿ, ಅಂತರ್ಜಾಲದಲ್ಲಿ ಮಾರಾಟವಾಗುತ್ತಿವೆ. ಅವುಗಳ ಶುದ್ಧತೆಯನ್ನು ನೋಡಿಕೊಳ್ಳುವುದು, ತಯಾರಿಸುವವರನ್ನು ಎಚ್ಚರಿಸುವುದು ಧರ್ಮಾಧ್ಯಕ್ಷರ ಕರ್ತವ್ಯ ಎಂದು ಅದು ನೆನಪಿಸಿತು. ಆದ್ದರಿಂದ ಮೊದಲ ಪ್ರಶ್ನೆಗೆ ಉತ್ತರ ಇದು: ದ್ರಾಕ್ಷಿಯಿಂದ ಶುದ್ಧ ರಸ ಮಾಡುವುದು ಸಾಧ್ಯ, ಕಲಿಯುವುದೂ ಸಾಧ್ಯ. ಆದರೆ ಬಲಿಪೀಠಕ್ಕೆ ಬರುವುದು ಧರ್ಮಾಧ್ಯಕ್ಷರು ಒಪ್ಪಿದ ಸ್ಥಳದಿಂದ ಮಾತ್ರ ಬರಬೇಕು. ಬಳ್ಳಿಯೊಂದಿಗೆ ಕೂಡಿರುವ ಕೊಂಬೆ ತಾನೇ ಫಲ ಕೊಡುವುದು?

ನಮ್ಮ ಸಕ್ರಿಸ್ತಿಗಳಲ್ಲೂ ಕೆಲಸವಿದೆ. ಬಾಟಲಿಯನ್ನು ಕಿಟಕಿಯ ಬಿಸಿಲಿನಲ್ಲಿ ಇಡದಿರಿ. ತೆರೆದ ಬಾಟಲಿಯಲ್ಲಿ ಅರ್ಧ ಉಳಿದರೆ ಚಿಕ್ಕ ಬಾಟಲಿಗೆ ಕತ್ತಿನವರೆಗೆ ತುಂಬಿ ತಂಪಿನಲ್ಲಿಡಿ. ಪೂಜೆಗೆ ಮೊದಲು ವಾಸನೆ ನೋಡಿ. ಹುಳಿ ಮೂಗಿಗೆ ಬಡಿದರೆ ಗುರುಗಳಿಗೆ ತಿಳಿಸಿ. ಚಿಕ್ಕ ಕೆಲಸ ಎನಿಸಬಹುದು, ಆದರೆ ಇದೂ ಬಲಿಪೀಠದ ಸೇವೆಯೇ.

ಮೂರು ಹನಿ

ಕೊನೆಯದಾಗಿ ಇಬ್ಬರನ್ನು ನೆನೆಯೋಣ. ಮೊದಲನೆಯವರು ವಿಯೆಟ್ನಾಮಿನ ಧರ್ಮಾಧ್ಯಕ್ಷ, ಮುಂದೆ ಕಾರ್ಡಿನಲ್ ಆದ ಫ್ರಾನ್ಸಿಸ್ ಝೇವಿಯರ್ ನ್ಗುಯೆನ್ ವಾನ್ ಥುವಾನ್. 1975ರಿಂದ 1988ರವರೆಗೆ ಹದಿಮೂರು ವರ್ಷ ಅವರು ಸೆರೆಯಲ್ಲಿದ್ದರು, ಅದರಲ್ಲಿ ಒಂಬತ್ತು ವರ್ಷ ಏಕಾಂತವಾಸ. ಹೊಟ್ಟೆನೋವಿಗೆ ಔಷಧಿ ಎಂಬ ನೆಪದಲ್ಲಿ ಅವರಿಗೆ ಚಿಕ್ಕ ಸೀಸೆಯಲ್ಲಿ ದ್ರಾಕ್ಷಾರಸ ಬಂದಿತು. ಅಂಗೈಯೇ ಪಾನಪಾತ್ರೆ. ಮೂರು ಹನಿ ದ್ರಾಕ್ಷಾರಸ, ಒಂದು ಹನಿ ನೀರು. ಅದರಲ್ಲೇ ದಿನವೂ ಬಲಿಪೂಜೆ. ಶ್ರೀರಂಗಪಟ್ಟಣದ ಸೆರೆಯಲ್ಲಿದ್ದ ನಮ್ಮವರಿಗೆ ಹಂಬಲವಿತ್ತು. ಆ ಮೂರು ಹನಿಯೂ ಇರಲಿಲ್ಲ.

ಎರಡನೆಯವರಿಗೆ ಹೆಸರು ಬೇಡ. ನಮ್ಮ ಪ್ರತಿ ಧರ್ಮಕೇಂದ್ರದಲ್ಲೂ ಅವರಿದ್ದಾರೆ: ಕುಡಿತದಿಂದ ಮನೆಯನ್ನು ಮುಳುಗಿಸಿದ ತಂದೆ, ಅವನ ದಾರಿ ಕಾಯುತ್ತಾ ಒಲೆಯ ಮುಂದೆ ಕುಳಿತ ತಾಯಿ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು, ಕುಡಿತ ನಿಲ್ಲಲಿಲ್ಲ. ಅಂಥ ಮನೆಯ ಮಗು ಬಲಿಪೀಠದ ಮೇಲೆ ದ್ರಾಕ್ಷಾರಸವನ್ನು ಕಂಡು ಏನೆಂದುಕೊಳ್ಳುತ್ತದೆ? ಗುರುಗಳಲ್ಲೂ ಈ ದೌರ್ಬಲ್ಯಕ್ಕೆ ಸಿಕ್ಕಿ ಹೊರಬರಲು ಹೋರಾಡುವವರಿದ್ದಾರೆ ಎಂಬುದನ್ನು ಧರ್ಮಸಭೆ ಬಲ್ಲದು. ಅಂಥವರಿಗೆ ಧರ್ಮಾಧ್ಯಕ್ಷರ ಅನುಮತಿಯಿಂದ, ಹುದುಗು ತಡೆದ ತಾಜಾ ದ್ರಾಕ್ಷಿರಸವನ್ನು ಬಳಸಲು 2003ರ ರೋಮಿನ ಪತ್ರ ದಾರಿ ತೋರಿಸಿದೆ. ಶುದ್ಧತೆಯಲ್ಲಿ ರಾಜಿಯಿಲ್ಲ, ಕರುಣೆಗೆ ಕೊರತೆಯೂ ಇಲ್ಲ.

ಚಿನ್ನಮಿಯವರು, ದೊಡ್ಡ ಸ್ವಾಮಿಯವರು ಈ ನೆಲದಲ್ಲಿ ಬಾಳಿ ತೋರಿಸಿದ್ದು ಇದನ್ನೇ. ಬಲಿಪೀಠದ ಪಾನಪಾತ್ರೆಗೆ ಗೌರವ ಬರುವುದು ಅದನ್ನು ಎತ್ತುವವರ ಮತ್ತು ಅದರ ಸುತ್ತ ಕೂಡುವವರ ಬಾಳಿನಿಂದ. ರಸ ಶುದ್ಧವಾಗಿದ್ದು ಮನೆ ಕೆಟ್ಟಿದ್ದರೆ ನಮ್ಮ ಹಬ್ಬ ಅರ್ಧ ಮಾತ್ರ. ಈ ಮಹೋತ್ಸವದಂದು ಪಾನಪಾತ್ರೆ ಮೇಲೇಳುವಾಗ ಒಂದು ಕ್ಷಣ ಕಣ್ಣೆತ್ತಿ ನೋಡೋಣ. ಯಾವುದೋ ರೈತನ ಬಳ್ಳಿ, ಯಾರದೋ ತಾಳ್ಮೆಯ ಕೈ, ಹದಿನೈದು ವರ್ಷ ಅದಕ್ಕಾಗಿ ಕಾದ ನಮ್ಮ ಹಿರಿಯರ ಕಣ್ಣೀರು, ಎಲ್ಲವೂ ಅದರಲ್ಲಿವೆ. ಕುಡಿತದಿಂದ ನೊಂದ ಒಂದು ಮನೆಯನ್ನಾದರೂ ಈ ಹಬ್ಬದ ವಾರದಲ್ಲಿ ಭೇಟಿ ಮಾಡಿ, ಅವರ ಜೊತೆ ಕುಳಿತು ಜಪ ಮಾಡೋಣ. ತಮ್ಮ ರಕ್ತವನ್ನೇ ನಮಗಾಗಿ ಸುರಿಸಿದ ಪ್ರಭು ನಮ್ಮ ಮನೆಗಳನ್ನು ಒಳ್ಳೆಯ ಫಲ ಕೊಡುವ ದ್ರಾಕ್ಷಿತೋಟವಾಗಿಸಲಿ. ಆಮೆನ್.